ತೋಟದೊಡೆಯ ಎಂದರೆ ಯಾರು? ವೇದಾವತಿಯ ಬಯಲಿನಿಂದ ಒಂದು ವಿಚಾರ

ಕನ್ನಡ ನಾಡಿನ ದತ್ತಿ ಶಾಸನಗಳನ್ನು ಓದಿದವರಿಗೆ 'ಗದ್ದೆ, ಬೆದ್ದಲು, ತೋಟ' ಎಂಬ ಮೂರು ಮಾತುಗಳ ಜೋಡಣೆ ಚಿರಪರಿಚಿತವಾದುದು. ಕೆರೆಕಾಲುವೆಯ ನೀರನ್ನು ಕಟ್ಟಿ ಬೆಳೆಯುವುದು ಗದ್ದೆ. ಮಳೆಯನ್ನೇ ನೆಚ್ಚಿ ಬಿತ್ತುವುದು ಬೆದ್ದಲು. ವರ್ಷವಿಡೀ ನೀರು ಕಾಣಬೇಕಾದದ್ದು ತೋಟ. ಮೈಸೂರು ಸೀಮೆಯ ಕಂದಾಯದ ಕಡತಗಳಲ್ಲಿ ಇದೇ ವಿಂಗಡಣೆ ತರಿ, ಖುಷ್ಕಿ, ಬಾಗಾಯ್ತು ಎಂಬ ಹೆಸರುಗಳಲ್ಲಿ ಮುಂದುವರಿಯಿತು. ಪದಗಳು ಪಾರಸಿಯ ಕಡೆಯಿಂದ ಬಂದವು, ನೋಟ ಮಾತ್ರ ಹಳೆಯದೇ ಉಳಿಯಿತು. ನೆಲವನ್ನು ಅದಕ್ಕೆ ದೊರೆಯುವ ನೀರಿನಿಂದ ಗುರುತಿಸುವ ನೋಟ ಅದು.

ಈ ಮೂರರಲ್ಲಿ ಗದ್ದೆಯ ಒಡೆಯನ ಬಗೆಗೆ ನಮ್ಮ ಇತಿಹಾಸಕಾರರು ಸಾಕಷ್ಟು ಬರೆದಿದ್ದಾರೆ. ಗೇಣಿ, ಪಾಲು, ಜಮೀನ್ದಾರಿ, ಇನಾಮು ಎಂಬ ಚರ್ಚೆಗಳೆಲ್ಲ ಬಹುಮಟ್ಟಿಗೆ ಭತ್ತದ ಸುತ್ತ ನಡೆದವು. ತೋಟದ ಒಡೆಯನನ್ನು ಮಾತ್ರ ಆ ಜಮೀನ್ದಾರನ ನೆರಳಿನಲ್ಲಿಯೇ ನಿಲ್ಲಿಸಿ ಮುಂದೆ ಸಾಗಿದ್ದೇವೆ. ಅವನದು ಬೇರೆಯೇ ಬಗೆಯ ಒಡೆತನವೆಂಬುದು ನನ್ನ ಅಭಿಪ್ರಾಯ. ಭತ್ತದ ಗದ್ದೆ ಒಂದು ವರ್ಷ ಬೀಳುಬಿದ್ದರೆ ಮರುವರ್ಷ ಉಳಬಹುದು. ಅಡಕೆ, ತೆಂಗುಗಳು ಹಾಗಲ್ಲ. ಒಂದು ಬೇಸಗೆ ನೀರು ತಪ್ಪಿದರೆ ಒಂದು ತಲೆಮಾರಿನ ದುಡಿಮೆ ಒಣಗುತ್ತದೆ. ಆದ್ದರಿಂದ ತೋಟದ ಮೇಲಿನ ಹಕ್ಕು ಎಂದರೆ ಮೊದಲಿಗೆ ನೀರಿನ ಮೇಲಿನ ಹಕ್ಕು, ಅನಂತರ ಮರದ ಮೇಲಿನ ಹಕ್ಕು; ಮಣ್ಣಿನ ಹಕ್ಕು ಕೊನೆಯದು. ಈ ಅನುಕ್ರಮ ಕಳೆದ ಇನ್ನೂರು ವರ್ಷಗಳಲ್ಲಿ ಹೇಗೆ ತಲೆಕೆಳಗಾಯಿತು ಎಂಬುದೇ ತೋಟದೊಡೆಯನ ಚರಿತ್ರೆ.

ಪದದಿಂದಲೇ ಆರಂಭಿಸೋಣ. ಹಳೆಯ ರೂಪ 'ತೋಂಟ'. ಅನುಸ್ವಾರ ಕಳೆದುಕೊಂಡು ಅದು 'ತೋಟ'ವಾಯಿತು. ಆದರೆ ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಹೆಸರಿನಲ್ಲಿ ಹಳೆಯ ಉಚ್ಚಾರ ಹಾಗೆಯೇ ನೆಲೆನಿಂತಿದೆ. ಒಬ್ಬ ಯೋಗಿಗೆ ಅವನು ತಪಸ್ಸಿಗೆ ಕುಳಿತ ತೋಟದಿಂದಲೇ ಹೆಸರು ಬಂದುದು, ಆ ಕಾಲದ ಬಯಲುಸೀಮೆಯಲ್ಲಿ ತೋಟ ಎಷ್ಟು ವಿಶಿಷ್ಟವಾದ ತಾಣವಾಗಿತ್ತೆಂಬುದಕ್ಕೆ ಸಾಕ್ಷಿ. ತಮಿಳು, ಮಲಯಾಳದ 'ತೋಟ್ಟಂ', ತೆಲುಗಿನ 'ತೋಟ' ಇದರ ಸೋದರ ರೂಪಗಳು. ಅಗೆಯುವುದೆಂಬ ಅರ್ಥದ 'ತೋಡು' ಧಾತುವಿನೊಡನೆ ಇವಕ್ಕೆ ನಂಟಿದೆಯೆಂದು ದ್ರಾವಿಡ ಭಾಷಾ ವಿದ್ವಾಂಸರು ಸೂಚಿಸಿದ್ದಾರೆ. ಕರಾವಳಿಯಲ್ಲಿ 'ತೋಡು' ಎಂದರೆ ಇಂದಿಗೂ ನೀರು ಹರಿಯುವ ಹಳ್ಳವೇ. ಅಗೆದು ನೀರು ತಂದ ನೆಲ ತೋಟ ಎಂದು ಅರ್ಥಮಾಡಿಕೊಂಡರೆ, ಆ ಕೆಲಸ ಮಾಡಿದವನು ತೋಂಟಿಗ.

ವಿದ್ಯಾರ್ಥಿಗಳು ಇಲ್ಲಿ ಒಂದು ಎಚ್ಚರ ವಹಿಸಬೇಕು. ಹಳ್ಳಿಯ ಆಯಗಾರರ ಪಟ್ಟಿಯಲ್ಲಿ ತಳವಾರ, ನೀರುಗಂಟಿಗಳ ಜೊತೆಯಲ್ಲಿ ಬರುವ 'ತೋಟಿ' ಬೇರೆ. ಅವನು ಊರಿನ ಚಾಕರಿಯವನು. ತೋಂಟಿಗನನ್ನೂ ತೋಟಿಯನ್ನೂ ಒಂದೇ ಎಂದು ತಿಳಿದರೆ ಸಾಮಾಜಿಕ ಅರ್ಥ ಪೂರ್ತಿಯಾಗಿ ತಪ್ಪಿಹೋಗುತ್ತದೆ. ಇನ್ನೊಂದು ಗಮನಿಸತಕ್ಕ ಸಂಗತಿಯೆಂದರೆ, ತೋಂಟಿಗ, ತೋಟಗಾರ ಎಂಬ ಹಳೆಯ ಮಾತುಗಳು ಒಡೆಯನನ್ನೂ ದುಡಿಯುವವನನ್ನೂ ಬೇರ್ಪಡಿಸುವುದಿಲ್ಲ. 'ತೋಟದ ಒಡೆಯ', 'ತೋಟದ ಧಣಿ', 'ತೋಟದ ದೊರೆ', 'ತೋಟದ ಸಾಹುಕಾರ' ಎಂಬ ಮಾತುಗಳು ಬೇಕಾಗುವುದು ಆ ಇಬ್ಬರೂ ಬೇರೆಯಾದ ಮೇಲೆ.

ಶಾಸನಗಳಲ್ಲಿ ತೋಟದ ಉಲ್ಲೇಖಗಳು ಹೇರಳವಾಗಿವೆ. ಹೂದೋಂಟ, ಎಲೆಯ ತೋಂಟ, ಅಡಕೆಯ ತೋಟ ಎಂಬ ಭೇದಗಳು, ಮತ್ತರು, ಕಮ್ಮಗಳ ಅಳತೆ, ಕೆಲವೆಡೆ ಮರಗಳ ಎಣಿಕೆ, ಎಲೆ ಅಡಕೆಯ ಹೇರುಗಳ ಮೇಲಿನ ಸುಂಕ ಎಲ್ಲವೂ ಬರುತ್ತವೆ. ಕೆರೆ ಕಟ್ಟಿಸಿದವನಿಗೆ ಆ ಕೆರೆಯ ಕೆಳಗಿನ ಭೂಮಿಯಲ್ಲಿ ಕೊಡುತ್ತಿದ್ದ ಕಟ್ಟುಕೊಡಗೆ, ದಸವಂದಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಒಡೆತನ ಇಲ್ಲಿ ನೀರು ನಿಲ್ಲಿಸಿದ ಕಾರ್ಯಕ್ಕೆ ಸಂದ ಪ್ರತಿಫಲ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಸುಮಾರು 1160ರಲ್ಲಿ ಮಹಾಸಾಮಂತ ಗೋವಿದೇವನು ತನ್ನ ಮಡದಿ ಮಹಾದೇವಿ ನಾಯಕಿತಿಯ ನೆನಪಿಗೆ ಕಟ್ಟಿಸಿದ ಪಾರ್ಶ್ವನಾಥ ಬಸದಿಯಿದೆ. ಹೊಯ್ಸಳ ಶೈಲಿಯ ಆ ಕಟ್ಟಡವನ್ನು ನೋಡಲು ಹೋದವರು ಊರಿನ ಹೆಸರನ್ನೂ ಒಮ್ಮೆ ಬಿಡಿಸಿ ನೋಡಬೇಕು. ಹಿರಿದಾದ ಕೆರೆಯೇ ಹೆಗ್ಗೆರೆ. ಈ ಸೀಮೆಯಲ್ಲಿ ಊರು, ಗುಡಿ, ಬಸದಿಗಳು ಕೆರೆಯನ್ನು ಹಿಂಬಾಲಿಸಿದವು.

ದತ್ತಿ ಕೊಟ್ಟವನ ಹೆಸರು, ಪಡೆದವನ ಗೋತ್ರ, ಎಲ್ಲೆಕಲ್ಲು, ಹುಣಸೆಮರ, ಹುತ್ತ ಎಲ್ಲವನ್ನೂ ದಾಖಲಿಸುವ ಶಾಸನಗಳು ಮರಕ್ಕೆ ನೀರು ಹೊತ್ತವರ ಹೆಸರನ್ನು ದಾಖಲಿಸುವುದು ತೀರ ವಿರಳ. ಶಾಸನದ ಉದ್ದೇಶವೇ ಬೇರೆ ಎಂದು ಸಮಾಧಾನ ಹೇಳಬಹುದು. ಆದರೂ ತೋಟದ ಚರಿತ್ರೆಯನ್ನು ಶಾಸನಗಳಿಂದಲೇ ಬರೆಯಹೊರಟರೆ ಅದು ಅರ್ಧ ಚರಿತ್ರೆಯಾಗುತ್ತದೆ.

ಒಡೆತನವನ್ನು ಮರದ ಲೆಕ್ಕದಲ್ಲಿ ಕಂಡ ಅತ್ಯಂತ ಸ್ಪಷ್ಟವಾದ ವ್ಯವಸ್ಥೆ ಕೆಳದಿಯ ಶಿವಪ್ಪನಾಯಕನದು. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಆಳಿದ ಅವನ 'ಶಿಸ್ತು' ಇಂದಿಗೂ ಮಲೆನಾಡಿನಲ್ಲಿ ನಾಣ್ಣುಡಿಯಾಗಿ ಉಳಿದಿದೆ. ಅಡಕೆ ತೋಟಗಳ ಅಳತೆಗೆ ಸುಮಾರು 18 ಅಡಿ 6 ಅಂಗುಲ ಉದ್ದದ ಕೋಲು ಗೊತ್ತಾಗಿತ್ತು. ಒಂದು ಮರಕ್ಕೆ ಬಿಡುವ ಜಾಗವಾದ 'ದಾಯ'ವೇ ಅದರ ಆಧಾರ. ಸಾವಿರ ದಾಯಕ್ಕೆ ಇಷ್ಟೆಂದು ತೆರಿಗೆ. ಆ ಕೋಲಿನ ಅಳತೆಯನ್ನು ಇಕ್ಕೇರಿಯ ಅಘೋರೇಶ್ವರ ದೇವಾಲಯದಲ್ಲಿ ಕಲ್ಲಿನಲ್ಲಿಯೇ ಉಳಿಸಿದರೆಂಬುದು ಪ್ರಸಿದ್ಧ. ಅಧಿಕಾರಿ ಬದಲಾದರೂ ಅಳತೆ ಬದಲಾಗಬಾರದೆಂಬ ಎಚ್ಚರ ಅದರಲ್ಲಿದೆ. ತೋಟಿಗನಿಗೆ ಅಂದಿನ ಪ್ರಭುತ್ವ ಕೊಟ್ಟ ಅತಿದೊಡ್ಡ ರಕ್ಷಣೆ ಬಹುಶಃ ಇದೇ ಇರಬೇಕು. ಉತ್ತರ ಕನ್ನಡದಲ್ಲಿ ಮುಂದೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬಂದುದನ್ನು ಇದರೊಡನೆ ಸೇರಿಸಿ ಓದಬೇಕು. ಅಲ್ಲಿ ತೋಟದೊಡೆಯನ ಕೈ ಕಾಡಿನವರೆಗೂ ಚಾಚಿತು; ಕಾಡಿನ ಸೊಪ್ಪು ತೋಟದ ಗೊಬ್ಬರವಾಯಿತು.

ಮಲೆನಾಡಿನಿಂದ ಬಯಲಿಗೆ ಇಳಿಯೋಣ. ಹೊಸದುರ್ಗದ ಸಮೀಪದ ಹಾಲುರಾಮೇಶ್ವರ ನಾಡಿಗೆಲ್ಲ ತಿಳಿದ ಕ್ಷೇತ್ರ. ಅಲ್ಲಿ ಗುಡಿಯಷ್ಟೇ ಮಹತ್ವ ಗಂಗೆಯ ಕೊಳಕ್ಕೂ ಇದೆ. ಭಕ್ತರು ಕೊಳದ ಮುಂದೆ ಕುಳಿತು ಹರಕೆ ಹೇಳಿಕೊಂಡರೆ ನೀರಿನೊಳಗಿಂದ ಬಾಳೆಹಣ್ಣು, ತೆಂಗಿನಕಾಯಿ ಮೊದಲಾದುವು ಪ್ರಸಾದವಾಗಿ ತೇಲಿಬರುತ್ತವೆಂಬುದು ನಂಬಿಕೆ. ಇದರ ಸತ್ಯಾಸತ್ಯ ಇಲ್ಲಿ ವಿಚಾರವಲ್ಲ. ಮಳೆ ಕಡಿಮೆಯಾದ ಸೀಮೆಯೊಂದರ ಜನ ಬತ್ತದ ಊಟೆಯ ನೀರಿನಿಂದ ಏನು ಮೇಲೆ ಬರಬೇಕೆಂದು ಕಲ್ಪಿಸಿಕೊಂಡರು ಎಂಬುದು ಸಾಹಿತ್ಯದ ವಿದ್ಯಾರ್ಥಿಗೆ ಮುಖ್ಯವಾಗಬೇಕು. ತೇಲಿಬರುವುದು ರಾಗಿಯಲ್ಲ, ಜೋಳವಲ್ಲ, ತೋಟದ ಫಲ. ನೀರಿದ್ದಲ್ಲಿ ತೋಟ ಎಂಬ ಅನುಭವವೇ ಇಲ್ಲಿ ದೈವದ ಭಾಷೆಯನ್ನು ಪಡೆದಿದೆ. ಪಕ್ಕದ ತುಮಕೂರು ಸೀಮೆಯ ತಲಪರಿಗೆಗಳ ಬಗೆಗೂ ಹೀಗೆಯೇ ಭಕ್ತಿಯಿದೆ. ಮರಳಿನಲ್ಲಿ ತೋಡಿದರೆ ಉಕ್ಕುವ ಆ ಊಟೆಗಳನ್ನು ಊರವರು ವರ್ಷಕ್ಕೊಮ್ಮೆ ಕೂಡಿ ಹೂಳೆತ್ತುತ್ತಿದ್ದರು. ಹೂಳೆತ್ತಲು ಬಂದವನಿಗೆ ನೀರಿನ ಪಾಲು. ಒಡೆತನ ಮತ್ತು ದುಡಿಮೆಗಳ ನಂಟು ಅಲ್ಲಿ ಕಡಿದಿರಲಿಲ್ಲ.

ಹೊಸದುರ್ಗ, ಹಿರಿಯೂರುಗಳನ್ನು ಹಾದುಹೋಗುವ ವೇದಾವತಿಯ ಹುಟ್ಟು ಬಾಬಾಬುಡನ್ ಬೆಟ್ಟಗಳಲ್ಲಿ. ವೇದಾ ಹೊಳೆ ಸಖರಾಯಪಟ್ಟಣದ ಅಯ್ಯನಕೆರೆಯನ್ನೂ ಅವತಿ ಹೊಳೆ ಮದಗದ ಕೆರೆಯನ್ನೂ ತುಂಬಿ, ಕಡೂರಿನ ಕಡೆ ಒಂದಾಗಿ ಬಯಲಿಗೆ ಹರಿಯುತ್ತವೆ. ಮದಗದ ಕೆರೆಯ ಜನಪದ ಗೀತೆ ಎಲ್ಲ ಕನ್ನಡಿಗರ ಬಾಯಲ್ಲಿದೆ. ಒಂದೇ ನದಿಯ ತಲೆಯ ಮೇಲೆ ಕಾಫಿ, ಕಾಲ ಬಳಿ ತೆಂಗು. ತೋಟದೊಡೆಯ ಎಂಬ ಮಾತಿನ ಎರಡು ಚರಿತ್ರೆಗಳು ಈ ಹೊಳೆಯ ಎರಡು ತುದಿಗಳಲ್ಲಿವೆಯೆಂದರೆ ಅತಿಶಯೋಕ್ತಿಯಾಗದು.

ಬಾಬಾ ಬುಡನ್ ಏಳು ಬೀಜಗಳನ್ನು ತಂದರೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಐರೋಪ್ಯರು ಬರುವ ಮೊದಲೇ ಮಲೆನಾಡಿನ ಮನೆಗಳ ಹಿತ್ತಿಲಲ್ಲಿ ಕಾಫಿ ಗಿಡವಿತ್ತು. ಹಿತ್ತಿಲ ಗಿಡ ಮದ್ದಲ್ಲವೆಂಬ ಗಾದೆ ಇಲ್ಲಿ ಸುಳ್ಳಾಯಿತು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕ್ಯಾನನ್ ಮೊದಲಾದವರು ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಎಸ್ಟೇಟುಗಳನ್ನು ತೆರೆದರು. 1854ರಲ್ಲಿ ಫೌಲರ್ ಮಡಿಕೇರಿಯ ಬಳಿ ಆರಂಭಿಸಿದ. 1850ರ ದಶಕದ ನಡುವಿನಲ್ಲಿ ಮಂಜರಾಬಾದಿಗೆ ಬಂದ ರಾಬರ್ಟ್ ಎಲಿಯಟ್ ತನ್ನ ಅನುಭವಗಳನ್ನು 1871ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ತಾನೂ ನೆಲ ಅಗೆಸುತ್ತ, ಸುತ್ತಲ ಗೌಡರ ನಡೆನುಡಿಗಳನ್ನು ಕುತೂಹಲದಿಂದ ಗಮನಿಸುತ್ತ ಬದುಕಿದ ಈ ಬಗೆಯ ಮನುಷ್ಯನಿಗೆ ಕನ್ನಡದಲ್ಲಿ ಹೆಸರಿರಲಿಲ್ಲ. ಜನ 'ದೊರೆ' ಎಂದರು. ರಾಜ್ಯವಿಲ್ಲದ ದೊರೆ.

ಇವನ ಒಡೆತನ ನೀರಿನಿಂದ ಹುಟ್ಟಿದುದಲ್ಲ. ಕಾಫಿಗೆ ಹೂಮಳೆ ಸಕಾಲಕ್ಕೆ ಬಂದರೆ ಸಾಕು, ಕಾಲುವೆ ಬೇಡ. ಇವನಿಗೆ ಬೇಕಾದದ್ದು ಸರ್ಕಾರ ಮಂಜೂರು ಮಾಡುವ ಕಾಡು, ಅದನ್ನು ಕಡಿದು ನೆಡುವ ಆಳುಗಳು, ಆಳುಗಳನ್ನು ತರುವ ಮುಂಗಡ ಹಣ. ಊರ ತೋಂಟಿಗ ನೀರುಗಂಟಿಯನ್ನು ನೆಚ್ಚಿದರೆ ಈ ದೊರೆ ಮೇಸ್ತ್ರಿಯನ್ನು ನೆಚ್ಚಿದ. ಮೇಸ್ತ್ರಿ ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ತಮಿಳುನಾಡಿನಿಂದಲೂ ಜನರನ್ನು ಮುಂಗಡ ಕೊಟ್ಟು ಕರೆತಂದ. ಮುಂಗಡ ಪಡೆದು ಕೆಲಸ ಬಿಟ್ಟವನಿಗೆ ಮೂರು ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದ್ದ 1859ರ ಕರಾರು ಉಲ್ಲಂಘನೆಯ ಕಾಯಿದೆ ತೋಟದ ಮಾಲೀಕರ ಕೈಯಲ್ಲಿ ಆಯುಧವಾಯಿತು. 1925ರಲ್ಲಿ ಅದನ್ನು ರದ್ದುಪಡಿಸುವವರೆಗೂ ಸಾಲಗಾರನ ತಪ್ಪು ಅಪರಾಧವಾಗಿಯೇ ಎಣಿಕೆಯಾಗುತ್ತಿತ್ತು. ಹಳೆಯ ಜೀತಕ್ಕೂ ಇದಕ್ಕೂ ಅಂತರವಿದೆ. ಜೀತಗಾರ ಮನೆತನಕ್ಕೆ ಕಟ್ಟುಬಿದ್ದವನು, ಎಸ್ಟೇಟಿನ ಆಳು ಲೆಕ್ಕದ ಪುಸ್ತಕಕ್ಕೆ ಕಟ್ಟುಬಿದ್ದವನು.

ಈ ಅಂತರವನ್ನು ಇತಿಹಾಸಕಾರರಿಗಿಂತ ಮೊದಲು ಕಂಡವರು ಕಾದಂಬರಿಕಾರರು. ಶಿವರಾಮ ಕಾರಂತರ 'ಚೋಮನ ದುಡಿ' (1933) ಈ ದೃಷ್ಟಿಯಿಂದ ಮತ್ತೆ ಓದಬೇಕಾದ ಕೃತಿ. ಚೋಮನಿಗೆ ಇಬ್ಬರು ಒಡೆಯರು. ಊರಿನ ಸಂಕಪ್ಪಯ್ಯ ಒಬ್ಬ. ಘಟ್ಟದ ಮೇಲಿನ ಕಾಫಿ ತೋಟದ ಧಣಿ ಇನ್ನೊಬ್ಬ. ಮೊದಲನೆಯವನು ಅವನಿಗೆ ಉಳಲು ನೆಲ ಕೊಡಲಾರ. ಎರಡನೆಯವನ ಸಾಲ ಅವನ ಮಕ್ಕಳನ್ನು ಒಬ್ಬೊಬ್ಬರಾಗಿ ಘಟ್ಟಕ್ಕೆ ಎಳೆಯುತ್ತದೆ. ಅಸ್ಪೃಶ್ಯತೆಯ ಕಾದಂಬರಿಯೆಂದು ಪಾಠ ಹೇಳುವಾಗ ನಾವು ಮೊದಲನೆಯ ಒಡೆಯನ ಬಗ್ಗೆ ಹೆಚ್ಚು ಮಾತನಾಡಿ ಎರಡನೆಯವನನ್ನು ಕಥೆಯ ತಿರುವೆಂದಷ್ಟೇ ದಾಟಿಸುತ್ತೇವೆ. ಆದರೆ ಚೋಮನ ಮನೆಯನ್ನು ಮುರಿಯುವುದು ಮುಖ್ಯವಾಗಿ ಆ ತೋಟದ ಸಾಲವೇ. ಕುವೆಂಪು ಅವರ 'ಕಾನೂರು ಹೆಗ್ಗಡತಿ' (1936), 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಗಳಲ್ಲಿ ಕಾಣುವುದು ಇನ್ನೊಂದು ಲೋಕ. ಅಲ್ಲಿ ಗದ್ದೆ ತೋಟಗಳೆರಡೂ ಇರುವ ಗೌಡರ ಮನೆಗಳು, ಆ ಮನೆಗಳಿಗೆ ವಂಶಪಾರಂಪರ್ಯವಾಗಿ ಅಂಟಿದ ಜೀತದಾಳುಗಳು. ನಾಯಿಗುತ್ತಿಯಂಥವನಿಗೆ ಹೆಸರು, ಪ್ರೀತಿ, ಪ್ರಯಾಣ ಎಲ್ಲವನ್ನೂ ಕೊಟ್ಟು ಕಥೆಯ ನಡುವೆ ನಿಲ್ಲಿಸಿದ್ದು ಕುವೆಂಪು ಅವರ ದೊಡ್ಡ ಸಾಧನೆ. ಶಾಸನ ಬಿಟ್ಟ ಜಾಗವನ್ನು ಅವರು ತುಂಬಿದರು. ಮೂಡಿಗೆರೆಯಲ್ಲಿ ಸ್ವತಃ ಕಾಫಿ ಬೆಳೆದ ಪೂರ್ಣಚಂದ್ರ ತೇಜಸ್ವಿಯವರಲ್ಲಿ ಒಡೆಯನೇ ನಿರೂಪಕನಾಗುತ್ತಾನೆ. 'ದೊರೆ'ಯ ಗಾಂಭೀರ್ಯ ಕಳಚಿ, ಆಳುಗಳ ಎದುರು ಪೆಚ್ಚಾಗುವ ತೋಟಗಾರ ಕನ್ನಡಕ್ಕೆ ಬರುತ್ತಾನೆ. ಈ ನಗೆಯ ಹಿಂದೆ ಒಂದು ಸಾಮಾಜಿಕ ಬದಲಾವಣೆಯಿದೆ.

ಸಂಘಟನೆಯ ಚರಿತ್ರೆಯಲ್ಲಿಯೂ ಎರಡು ದಾರಿಗಳು ಕಾಣುತ್ತವೆ. ದಕ್ಷಿಣ ಭಾರತದ ಪ್ಲಾಂಟರುಗಳ ಒಕ್ಕೂಟವಾದ ಉಪಾಸಿ 1893ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಆಳುಗಳ ಪೂರೈಕೆ, ಸುಂಕ, ರಸ್ತೆಗಳಂಥ ವಿಷಯಗಳಲ್ಲಿ ಸರ್ಕಾರದೊಡನೆ ಸಮಾನವಾಗಿ ಮಾತನಾಡಬಲ್ಲವರ ಕೂಟ ಅದು. ಮೂವತ್ತು ವರ್ಷಗಳ ಅನಂತರ, 1923ರಲ್ಲಿ, ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಸ್ಥಾಪಿತವಾಯಿತು. 1939ರಲ್ಲಿ ಶಿವಮೊಗ್ಗದ ಮ್ಯಾಮ್ಕೋಸ್, 1973ರಲ್ಲಿ ಮಂಗಳೂರಿನ ಕ್ಯಾಂಪ್ಕೊ ಬಂದವು. ಇವು ದಲಾಲರ ಹಿಡಿತದಿಂದ ಪಾರಾಗಲು ಸಣ್ಣ ಹಿಡುವಳಿದಾರರು ಕಟ್ಟಿಕೊಂಡ ಸಂಸ್ಥೆಗಳು. ಶಿರಸಿಯ ಸಂಘ ತನ್ನ ಹೆಸರಿಗೆ 'ಒಡೆಯ', 'ಮಾಲೀಕ' ಎಂಬ ಪದಗಳನ್ನು ಆರಿಸಿಕೊಳ್ಳದೆ 'ತೋಟಗಾರ' ಎಂಬ ಹಳೆಯ ಮಾತನ್ನೇ ಇಟ್ಟುಕೊಂಡುದು ಅರ್ಥಪೂರ್ಣವಾಗಿದೆ. ಹೆಗ್ಗೋಡಿನ ನೀನಾಸಂ ಇಂಥ ಅಡಕೆಯ ಊರಿನಲ್ಲಿಯೇ ಬೆಳೆಯಿತೆಂಬುದನ್ನೂ, ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರು ಅಡಕೆ ಬೆಳೆಗಾರರಾಗಿದ್ದರೆಂಬುದನ್ನೂ ನೆನೆಯಬೇಕು. ತೋಟದ ಆದಾಯ ಕೊಟ್ಟ ಬಿಡುವು ಕನ್ನಡ ಸಂಸ್ಕೃತಿಗೆ ಸಂದಿದೆ. ಆ ಬಿಡುವು ಯಾರ ದುಡಿಮೆಯಿಂದ ಒದಗಿತೆಂಬ ಪ್ರಶ್ನೆಯೂ ಅದರ ಜೊತೆಯಲ್ಲೇ ಏಳುತ್ತದೆ.

ಇನ್ನು ಕಾನೂನು. ಅರ್ಥಪಲ್ಲಟದ ಪರಾಕಾಷ್ಠೆ ಇಲ್ಲಿದೆ. ದೇವರಾಜ ಅರಸು ಅವರ ಕಾಲದಲ್ಲಿ, 1974ರಲ್ಲಿ, ಕರ್ನಾಟಕ ಭೂಸುಧಾರಣಾ ಕಾಯಿದೆಗೆ ಆದ ತಿದ್ದುಪಡಿ ಗೇಣಿದಾರನಿಗೆ ನೆಲ ಕೊಟ್ಟಿತು. ಹಿಡುವಳಿಗೆ ಮಿತಿ ಹಾಕಿತು. ಆದರೆ 'ಪ್ಲಾಂಟೇಷನ್' ಎಂಬ ವರ್ಗಕ್ಕೆ ಆ ಮಿತಿ ಅನ್ವಯಿಸಲಿಲ್ಲ. ಕಾಯಿದೆಯ ಪ್ರಕಾರ ಪ್ಲಾಂಟೇಷನ್ ಬೆಳೆಗಳೆಂದರೆ ಕಾಫಿ, ಚಹಾ, ಏಲಕ್ಕಿ, ಮೆಣಸು, ರಬ್ಬರ್ ಮುಂತಾದ ಕೆಲವೇ ಕೆಲವು. ನಮ್ಮ ಶಾಸನಗಳು ಸಾವಿರ ವರ್ಷಗಳಿಂದ 'ತೋಟ' ಎಂದು ಕರೆದ ಅಡಕೆ ಮತ್ತು ತೆಂಗು ಆ ಪಟ್ಟಿಯಲ್ಲಿಲ್ಲ! ಹೀಗಾಗಿ ವೇದಾವತಿಯ ತಲೆಯ ಮೇಲಿನ ಒಡೆಯ ಮಿತಿಯ ಹೊರಗುಳಿದ, ಕೆಳಗಿನ ತೋಂಟಿಗ ಮಿತಿಯ ಒಳಗೆ ಬಂದ. ಕಾರ್ಮಿಕರ ಮಟ್ಟಿಗೂ ಇದೇ ಕಥೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ಕಾಫಿ, ಚಹಾ, ರಬ್ಬರ್ ತೋಟಗಳ ಮಾಲೀಕರು ಆಳುಗಳಿಗೆ ಮನೆ, ಆಸ್ಪತ್ರೆ, ಶಿಶುವಿಹಾರಗಳನ್ನು ಒದಗಿಸಬೇಕೆಂದಿತು. ಆಗ ಅದು ಅನ್ವಯವಾದುದು 25 ಎಕರೆಗೆ ಮೇಲ್ಪಟ್ಟು, 30 ಆಳುಗಳಿಗೆ ಕಡಿಮೆಯಿಲ್ಲದ ತೋಟಗಳಿಗೆ. ಅಡಕೆ ಸುಲಿಯುವ ಹೆಂಗಸಿಗೆ, ಕೊನೆ ಇಳಿಸುವ ಕೊನೆಗೌಡನಿಗೆ ಅದು ಏನನ್ನೂ ಹೇಳಲಿಲ್ಲ. ಒಂದು ಇಂಗ್ಲಿಷ್ ಪದದ ವ್ಯಾಖ್ಯೆ ಒಡೆಯರನ್ನೂ ಆಳುಗಳನ್ನೂ ಎರಡೆರಡು ಪಂಗಡವಾಗಿ ಸೀಳಿತು. ಭಾಷಾಶಾಸ್ತ್ರ ಓದುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ವೇದಾವತಿಯ ಕೆಳದಂಡೆಯಲ್ಲಿ ಈ ನಡುವೆ ನೀರಿನ ಒಡೆತನ ಪ್ರಭುತ್ವದ ಕೈಗೆ ಹೋಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1898ರಲ್ಲಿ, ಹಿರಿಯೂರಿನ ಬಳಿ ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಆರಂಭವಾಗಿ 1907ರ ಹೊತ್ತಿಗೆ ಮುಗಿಯಿತು. 30 ಟಿಎಂಸಿ ನೀರು ಹಿಡಿಯಬಲ್ಲ ಆ ಜಲಾಶಯಕ್ಕೆ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು. ಅಚ್ಚುಕಟ್ಟಿನಲ್ಲಿ ತೆಂಗು, ಅಡಕೆಗಳು ಎದ್ದವು. ಖುಷ್ಕಿಯ ರೈತ ಬಾಗಾಯ್ತಿನ ಒಡೆಯನಾದ. ಆದರೆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ, 89 ವರ್ಷಗಳ ಮೇಲೆ. ನಡುವಿನ ಕಾಲದಲ್ಲಿ ಕೆರೆಯ ಬದಲು ಕೊಳವೆಬಾವಿ ಬಂತು. ಕಪಿಲೆಯ ಬಾವಿ ಎತ್ತಿನ ಶಕ್ತಿಯಷ್ಟೇ ನೀರು ಕೊಡುತ್ತಿತ್ತು, ಕೊಳವೆಬಾವಿಗೆ ಆ ಕಟ್ಟಳೆಯಿಲ್ಲ. ಊರು ಕೂಡಿ ಹೂಳೆತ್ತುತ್ತಿದ್ದ ಒಡೆತನ ಹೋಗಿ, ಸಾಲ ಮಾಡಿ ಒಬ್ಬೊಬ್ಬನೇ ನೆಲ ಕೊರೆಯುವ ಒಡೆತನ ಬಂತು. 2010ರ ದಶಕದ ಬರಗಾಲಗಳಲ್ಲಿ ಹಿರಿಯೂರು, ಹೊಸದುರ್ಗಗಳ ಹಾದಿಯುದ್ದಕ್ಕೂ ಸುಳಿ ಬಿದ್ದ ತೆಂಗಿನ ಮರಗಳು ನಿಂತಿದ್ದವು. ಪಹಣಿಯಲ್ಲಿ ಒಡೆಯನ ಹೆಸರು ಎಂದಿನಂತೆಯೇ ಇತ್ತು.

ಹೊಳಲ್ಕೆರೆ, ಭೀಮಸಮುದ್ರಗಳ ಅಡಕೆ ಸೀಮೆಯಲ್ಲಿ ಇಂದು ಇನ್ನೊಬ್ಬ ಪಾತ್ರಧಾರಿ ಮುಖ್ಯನಾಗಿದ್ದಾನೆ, ಚೇಣಿದಾರ. ಮರದ ಮೇಲಿನ ಫಸಲನ್ನು ಮೊದಲೇ ಗುತ್ತಿಗೆ ಹಿಡಿದು, ಕೊಯ್ದು, ಸುಲಿಸಿ, ಬೇಯಿಸಿ, ರಾಶಿ ಮಾಡುವವನು ಅವನೇ. ಆಳುಗಳ ಲೆಕ್ಕ ಅವನದು, ಬೆಲೆಯ ಏರಿಳಿತ ಅವನದು. ಭೂಮಿಯ ಒಡೆಯ ನೀರು ಹಾಯಿಸಿ, ಕರಾರಿನ ಹಣ ಪಡೆದು ಪಕ್ಕಕ್ಕೆ ನಿಲ್ಲುತ್ತಾನೆ. ಎಸ್ಟೇಟಿನ ಮೇಸ್ತ್ರಿಯ ಕೆಲಸವನ್ನೂ ಹಳೆಯ ತಂಬುಲಿಗ ವರ್ತಕರ ಕೆಲಸವನ್ನೂ ಒಟ್ಟಿಗೆ ಮಾಡುವ ಈ ಚೇಣಿದಾರನ ಬಗೆಗೆ ಕನ್ನಡದಲ್ಲಿ ಸಂಶೋಧನೆ ಆಗಬೇಕಾಗಿದೆ.

ಆಸಕ್ತ ವಿದ್ಯಾರ್ಥಿಗಳಿಗೆ ಆಕರಗಳ ಕೊರತೆಯಿಲ್ಲ. 'ಎಪಿಗ್ರಾಫಿಯ ಕರ್ನಾಟಿಕ'ದ ಚಿತ್ರದುರ್ಗ ಸಂಪುಟದಲ್ಲಿ ತೋಟದ ದತ್ತಿಗಳನ್ನು ಬೇರೆ ಮಾಡಿ, ಪ್ರತಿಯೊಂದರಲ್ಲೂ ನೀರಿನ ಮೂಲ ಹೇಳಿದೆಯೇ ಎಂದು ನೋಡಬಹುದು. ಬುಕನನ್ 1800-01ರಲ್ಲಿ ಮೈಸೂರು ಸೀಮೆಯ ತೋಟಗಳ ಬೇಸಾಯವನ್ನು ಕಂಡು ಬರೆದ ವಿವರಗಳನ್ನು ಅದರ ಪಕ್ಕದಲ್ಲಿಡಬಹುದು. ಮೂರನೆಯ ಆಕರ ಇನ್ನೂ ಮನೆಗಳ ಅಟ್ಟದ ಮೇಲಿದೆ. ಹಳೆಯ ಚೇಣಿ ಪತ್ರಗಳು, ಕಪಿಲೆ ಹೊಡೆಯುವವರಿಗೆ ಕೊಟ್ಟ ರಾಗಿಯ ಲೆಕ್ಕ, ಸುಲಿಯುವವರ ಕೂಲಿಯ ಪುಸ್ತಕಗಳನ್ನು ಗೆದ್ದಲು ತಿನ್ನುವ ಮೊದಲು ಪ್ರತಿ ಮಾಡಿಸಬೇಕು. ನೀರು ಹೊತ್ತವರ ಹೆಸರುಗಳು ಸಿಕ್ಕುವುದಾದರೆ ಆ ಪುಸ್ತಕಗಳಲ್ಲಿ.